ಪೇಚು ಯಾವ್ದು, ಉಪಾಯ ಯಾವ್ದು? ಕಾರ್ಡು, ಕಥೆ, ಮಡಕೆ ಮೂರೂ ಮಾಡಿ ನೋಡಿದೆ

ಬೇಸಿಗೆ ರಜದಲ್ಲಿ ನನ್ನ ಮಗಳು (ಆರು ವರ್ಷ) ಮತ್ತೆ ಅಕ್ಕಪಕ್ಕದ ನಾಲ್ಕು ಮಕ್ಕಳನ್ನ ಕೂರಿಸ್ಕೊಂಡು, ಸಮಸ್ಯೆ ಯಾವ್ದು, ಪರಿಹಾರ ಯಾವ್ದು ಅನ್ನೋ ಒಂದೇ ವಿಷಯನ ಮೂರು ಥರ ಹೇಳಿಕೊಟ್ಟೆ. ನಾನು ಓದಿದ್ದು ಮೆಕ್ಯಾನಿಕಲ್, ಕೆಲ್ಸದಲ್ಲಿ ದೊಡ್ಡೋರೇ ಸಮಸ್ಯೆ ಹೇಳಿ ಅಂದ್ರೆ ಪರಿಹಾರ ಹೇಳ್ತಾರೆ, "ಹೊಸ ಪಂಪ್ ಬೇಕು ಮೇಡಂ" ಅಂತ, ಪಂಪಿಗೆ ಏನಾಗಿದೆ ಅಂತ ಹೇಳೋರಿಲ್ಲ. ಚಿಕ್ಕೋರಿಂದಾನೇ ಶುರು ಮಾಡೋಣ ಅನ್ಸ್ತು.

ಮೊದಲ್ನೇ ದಿನಾನೇ ಪದದಲ್ಲಿ ಎಡವಿದೆ. ಪರಿಹಾರ ಅಂದ್ರೇನು ಅಂತ ಕೇಳಿದ್ರೆ ಒಬ್ಬ, "ಮಳೆಗೆ ಮನೆ ಬಿದ್ರೆ ಸರ್ಕಾರ ದುಡ್ಡು ಕೊಡುತ್ತಲ್ಲ ಆಂಟಿ, ಅದು" ಅಂದ. ತಪ್ಪೇನಿಲ್ಲ ಬಿಡಿ. ಅವತ್ತಿಂದ ಸಮಸ್ಯೆಗೆ ಪೇಚು, ಪರಿಹಾರಕ್ಕೆ ಉಪಾಯ ಅಂತಾನೇ ಕರೆದ್ವಿ.

ಕಾರ್ಡಿಂದ ಶುರು ಮಾಡಿದೆ. 24 ಚಿತ್ರ ಪ್ರಿಂಟ್ ಹಾಕ್ಸಿ ಲ್ಯಾಮಿನೇಟ್ ಮಾಡ್ಸಿದೆ, ಮಳೇಲಿ ನೆನೀತಿರೋ ಹುಡುಗಿ ಒಂದು ಕಡೆ, ಕೊಡೆ ಇನ್ನೊಂದು ಕಡೆ, ಹೀಗೆ. ಹತ್ತೇ ನಿಮಿಷದಲ್ಲಿ ಎಲ್ಲಾ ಸರಿಯಾಗಿ ಜೋಡಿಸಿಬಿಟ್ರು, ನಾನೂ ಬೀಗಿದೆ. ಆಮೇಲೆ ಗೊತ್ತಾಯ್ತು, ಅವ್ರು ಹಿಡ್ಕೊಂಡಿದ್ದು ಇಷ್ಟೇ: ಅಳುಮುಖ ಇದ್ರೆ ಪೇಚು, ಬರೀ ಸಾಮಾನು ಇದ್ರೆ ಉಪಾಯ. ಸೊಳ್ಳೆ ಬತ್ತಿ ಚಿತ್ರ ಬಂದಾಗ ಒಬ್ಳು ಉಪಾಯದ ಕಡೆ ಇಟ್ಳು, ಅವಳ ತಮ್ಮ "ಹೊಗೆಗೆ ನಂಗೆ ಕೆಮ್ಮು ಬರುತ್ತೆ" ಅಂತ ಎತ್ತಿ ಪೇಚಿನ ಕಡೆ ಹಾಕ್ದ. ಇಬ್ರೂ ಸರಿ, ಆದ್ರೆ ಕಾರ್ಡಿಗೆ ಎರಡೇ ಗುಂಪು. ಗಲಾಟೆ ಇಲ್ದೆ ಕೂರ್ತಾರೆ ಅನ್ನೋದು ಬಿಟ್ರೆ ಇದ್ರಲ್ಲಿ ಹೆಚ್ಚೇನಿಲ್ಲ.

ಆಮೇಲೆ ಕಥೆ. ಬ್ಯಾಂಡೇಡ್ ಹುಟ್ಟಿದ್ದು ಹೇಳ್ದೆ: 1920ರಲ್ಲಿ ಅಮೆರಿಕಾದಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನೀಲಿ ಕೆಲ್ಸ ಮಾಡ್ತಿದ್ದ ಅರ್ಲ್ ಡಿಕ್ಸನ್ ಅನ್ನೋನ ಹೆಂಡ್ತಿ ಅಡಿಗೆ ಮಾಡೋವಾಗ ಪದೇ ಪದೇ ಬೆರಳು ಕುಯ್ಕೋತಿದ್ಳು, ಸುಟ್ಕೋತಿದ್ಳು, ಕಟ್ಟಿದ ಬಟ್ಟೆ ಕೆಲ್ಸ ಮಾಡ್ತಾ ಮಾಡ್ತಾ ಬಿದ್ದೋಗ್ತಿತ್ತು, ಅದಕ್ಕೆ ಅವ್ನು ಅಂಟೋ ಟೇಪಿನ ಉದ್ದಕ್ಕೂ ಅಲ್ಲಲ್ಲಿ ಗಾಯಕ್ಕೆ ಕಟ್ಟೋ ತೆಳು ಬಟ್ಟೆ ತುಂಡು ಕೂರಿಸಿಟ್ಟ, ಅವಳೇ ಬೇಕಾದಷ್ಟು ಕತ್ತರಿಸಿ ಅಂಟಿಸ್ಕೊಳ್ಳೋ ಹಾಗೆ. ಮಕ್ಕಳು ಕಣ್ಣರಳಿಸಿ ಕೇಳಿದ್ರು. ಸರಿ, ಪೇಚು ಏನಾಗಿತ್ತು ಅಂದೆ. ಐದೂ ಜನ ಒಟ್ಟಿಗೆ: "ಬ್ಯಾಂಡೇಡ್ ಇರ್ಲಿಲ್ಲ!"

ನಂಗೆ ನಗು ತಡೆಯಕ್ಕಾಗ್ಲಿಲ್ಲ, ಥೇಟ್ ನಮ್ಮ ಪಂಪಿನೋರ ಹಾಗೇ. ಎಲ್ರ ಕೈಗೂ ಒಂದೊಂದು ಬಟ್ಟೆ ಚೂರು ಕೊಟ್ಟು, ನಿಮ್ಮ ಬೆರಳಿಗೆ ನೀವೇ ಕಟ್ಕೊಳ್ಳಿ ಅಂದೆ. ಹಲ್ಲಲ್ಲಿ ಕಚ್ಚಿ ಎಳೆದು ಏನೇನೋ ಮಾಡಿದ್ರು. "ಒಂದೇ ಕೈಲಿ ಗಂಟು ಬರಲ್ಲ ಆಂಟಿ." ಹಾಂ, ಈಗ ಬಂತು ನೋಡಿ. ಆಮೇಲೆ "ಇಲ್ಲ" ಅಂದೋರು ಔಟ್ ಅಂತ ಆಟ ಮಾಡ್ದೆ. ಫ್ಯಾನ್ ಇಲ್ಲ ಅನ್ನೋ ಹಾಗಿಲ್ಲ, ಸೆಖೆ ಆಗುತ್ತೆ ಅನ್ಬೇಕು. ಸೆಖೆ ಅಂದ ತಕ್ಷಣ ಬೀಸಣಿಗೆ, ಒದ್ದೆ ಬಟ್ಟೆ, ಜಗಲೀಲಿ ಮಲಗೋದು ಎಲ್ಲಾ ಬಂತು. ಆದ್ರೆ ಒಬ್ಬ, "ನಲ್ಲೀಲಿ ನೀರಿಲ್ಲ ಅನ್ನೋದು ಪೇಚಲ್ವಾ?" ಅಂದ್ಬಿಟ್ಟ. ಪೇಚೇ ಕಣಪ್ಪಾ ಅಂದು ನಾನೇ ಔಟಾದೆ.

ಮೂರನೇದು ಮಡಕೆ, ಇದು ಪ್ಲಾನ್ ಮಾಡಿದ್ದೂ ಅಲ್ಲ. ಅತ್ತೆ ಸಂತೆಯಿಂದ ತಂದಿದ್ದ ಗುಂಡು ತಳದ ಮಡಕೆಗೆ ಅರ್ಧ ನೀರು ಹಾಕಿ, ಚೆಲ್ಲದೆ ಟೈಲ್ಸ್ ಮೇಲೆ ನಿಲ್ಸಿ ಅಂದೆ ಅಷ್ಟೇ. ಏನು ಪೇಚು ಅಂತ ಕೇಳೋದೇ ಬೇಕಾಗ್ಲಿಲ್ಲ, ಅದು ವಾಲ್ತಿತ್ತು, ಅವ್ರು ಕಿರುಚ್ತಿದ್ರು. ಕಲ್ಲು ಒತ್ತು ಕೊಟ್ರು, ಜಾರ್ತು. ತಟ್ಟೇಲಿ ಮರಳು ಹಾಕಿ ಕೂರಿಸಿದ್ರು, ನಿಂತ್ಕೊಂತು. ನನ್ನ ಮಗಳು ಟವೆಲ್ ಸುತ್ತಿ ಬಳೆ ಥರ ಮಾಡಿ ಅದ್ರ ಮೇಲಿಟ್ಳು. ಅತ್ತೆ ನಕ್ಕು, "ಅದಕ್ಕೆ ಸಿಂಬಿ ಅಂತಾರೆ ಪುಟ್ಟಿ, ನಾವು ತಲೆ ಮೇಲಿಟ್ಕೊಂಡು ನೀರು ಹೊರ್ತಿದ್ವಿ" ಅಂದ್ರು.

ಹಾಗಾದ್ರೆ ತಳ ಚಪ್ಪಟೆ ಯಾಕೆ ಮಾಡಿಲ್ಲ ಅಜ್ಜಿ ಅಂತ ಪ್ರಶ್ನೆ ಬಂತು. ಮೂರು ಕಲ್ಲಿನ ಒಲೆ ಮೇಲೆ ಗುಂಡು ತಳ ಗಟ್ಟಿಯಾಗಿ ಕೂರುತ್ತೆ, ಬೆಂಕಿ ಸುತ್ತಲೂ ತಾಗುತ್ತೆ ಅಂದ್ರು. ಮೂಲೆ ಇಲ್ದೆ ಇರೋದ್ರಿಂದ ಬಿಸಿಗೆ ಬಿರುಕು ಬಿಡೋದೂ ಕಡಿಮೆ ಅಂತ ನಾನು ಸೇರಿಸ್ದೆ. "ಅಂದ್ರೆ ಒಲೆ ಮೇಲೆ ಉಪಾಯ, ನೆಲದ ಮೇಲೆ ಪೇಚು" ಅಂದ, ಸೊಳ್ಳೆ ಬತ್ತಿ ಕಾರ್ಡ್ ಎತ್ತಿಟ್ಟಿದ್ನಲ್ಲ ಅದೇ ಹುಡುಗ. ಐದು ವರ್ಷ ಅವ್ನಿಗೆ!

ನನ್ನ ಓಟು ಮಡಕೆಗೇ. ಆದ್ರೆ ಒಂದು ಗಂಟೆ ಹಿಡೀತು, ಮನೆಯೆಲ್ಲಾ ನೀರು, ಐದು ಮಕ್ಕಳಿಗೇ ಸುಸ್ತಾದೆ, ಮೂವತ್ತು ಜನರ ಕ್ಲಾಸಲ್ಲಿ ಆಗದ ಮಾತು. ಟೀಚರ್‌ಗಳಾದ್ರೆ ಬ್ಯಾಂಡೇಡ್ ಕಥೆ ಹೇಳಿ, ಆದ್ರೆ ಬಟ್ಟೆ ಚೂರು ಕೊಡದೆ ಬರೀ ಕಥೆ ಹೇಳ್ಬೇಡಿ. ಮನೇಲಿ ಮಾಡೋರು ಮಡಕೆ ಎರಡು ತಗೊಳ್ಳಿ, ಒಂದು ಒಡೆಯೋದು ಗ್ಯಾರಂಟಿ, ನಮ್ದು ಒಡೀತು. ಮತ್ತೆ ಅಂಗಡೀಲಿ ನಲ್ಲಿ ಕೂರಿಸಿರೋ ಚಪ್ಪಟೆ ತಳದ್ದು ಕೊಡ್ತಾರೆ, ಅದು ಬೇಡ, ಗುಂಡು ತಳದ್ದೇ ಬೇಕು ಅಂತ ಕೇಳಿ ತನ್ನಿ.