ಮಿಸಿಸಿಪ್ಪಿ ಜಾನ್ ಹರ್ಟ್: 1928ರ ಹಾಡುಗಳ ಸಿಡಿ, 1966ರ ಎಲ್‌ಪಿ, ಕಲಬುರಗಿಯ ಬಿಸಿಲು

ಮಿಸಿಸಿಪ್ಪಿ ಜಾನ್ ಹರ್ಟ್ ಗಿಟಾರ್ ನುಡಿಸಿಕೊಂಡು ಬ್ಲೂಸ್, ಅಂದರೆ ಅಮೆರಿಕದ ಕಪ್ಪುಜನರ ಹಾಡುಗಬ್ಬ, ಹಾಡುತ್ತಿದ್ದವರು. ಅವರ ‘ಅವಲಾನ್ ಬ್ಲೂಸ್’ ಸಿಡಿಯಲ್ಲಿ 13 ಹಾಡುಗಳಿವೆ. ಎಲ್ಲವೂ ಹರ್ಟ್ 1928ರಲ್ಲಿ ಓಕೆ ಎಂಬ ಗ್ರಾಮಫೋನ್ ತಟ್ಟೆಗಳ ಕಂಪನಿಗೆ ಹಾಡಿದವು. ಫೆಬ್ರವರಿಯಲ್ಲಿ ಮೆಂಫಿಸ್, ಡಿಸೆಂಬರಿನಲ್ಲಿ ನ್ಯೂಯಾರ್ಕ್. ತಟ್ಟೆಗಳು ಹೆಚ್ಚು ಮಾರಲಿಲ್ಲ, ಮರುವರ್ಷವೇ ಆರ್ಥಿಕ ಕುಸಿತ. ಹರ್ಟ್ ಮಿಸಿಸಿಪ್ಪಿ ರಾಜ್ಯದ ಅವಲಾನ್ ಊರಿನಲ್ಲಿ ಪಾಲಿಗೆ ಹೊಲ ಮಾಡಿಕೊಂಡು ಉಳಿದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ, ಹಾಡಿನಲ್ಲಿದ್ದ ಊರ ಹೆಸರನ್ನೇ ಹಿಡಿದು ಅವರನ್ನು ಹುಡುಕಿಕೊಂಡು ಹೋದ. ಅದೇ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದ ವೇದಿಕೆ. 1966ರ ನವೆಂಬರಿನಲ್ಲಿ ತೀರಿಕೊಂಡರು. ಮರಳಿ ಬಂದ ಮೇಲೆ ಸಿಕ್ಕಿದ್ದು ಮೂರು ವರ್ಷ ಚಿಲ್ಲರೆ.

ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿದ ಕಿವಿಗೆ ಈ ಸಂಗೀತ ಬೇಗ ಹತ್ತುತ್ತದೆ. ಏಕತಾರಿಯ ಶ್ರುತಿ, ದಮ್ಮಡಿಯ ಪೆಟ್ಟು ಎರಡರ ಕೆಲಸವನ್ನೂ ಇಲ್ಲಿ ಒಂದೇ ಹೆಬ್ಬೆರಳು ಮಾಡುತ್ತದೆ: ದಪ್ಪ ತಂತಿಗಳ ನಡುವೆ ಬಿಡದೆ ಅತ್ತಿತ್ತ ಓಡಾಡುತ್ತಿರುತ್ತದೆ. ಹಾಡಿನ ಧಾಟಿ ತೋರುಬೆರಳು, ನಡುಬೆರಳಿನದು. ದನಿ ಏರುವುದೇ ಇಲ್ಲ, ಕಟ್ಟೆ ಮೇಲೆ ಕೂತು ಪಕ್ಕದವರಿಗೆ ಹೇಳಿದ ಹಾಗೆ.

ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 82 ಕಂಪನ) ನುಡಿಯುತ್ತದೆ, ಆ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಎತ್ತಲು ಬರುವುದಿಲ್ಲ. ಹೆಬ್ಬೆರಳು ಹೋದರೆ ಅರ್ಧ ಹಾಡೇ ಹೋಯಿತು. ಒಳ್ಳೆಯ ಇಯರ್‌ಫೋನ್ ಸಾಕು. ಸಿಡಿ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಹಳೆಯ ತಟ್ಟೆಗಳಿಂದ ತೆಗೆದದ್ದರಿಂದ ಸರಸರ ಸದ್ದು ಇದ್ದೇ ಇದೆ. ಟ್ರೆಬಲ್ ಪೂರ್ತಿ ಇಳಿಸಿದರೆ ಸದ್ದಿನ ಜೊತೆ ಬೆರಳಿನ ಮೀಟೂ ಮಂಕಾಗುತ್ತದೆ, ಕೊಂಚವೇ ಇಳಿಸಿ.

ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ತಂದ ‘ಟುಡೇ!’ ಎಲ್‌ಪಿಯಲ್ಲಿ ಆ ಸದ್ದಿಲ್ಲ. ದನಿ ಮಾಗಿದೆ, ಕೈಗೆ ಅವಸರವಿಲ್ಲ. ‘ಲೂಯಿಸ್ ಕಾಲಿನ್ಸ್’ ಎರಡರಲ್ಲೂ ಇದೆ. ಒಂದಾದ ಮೇಲೊಂದು ಹಾಕಿ ಕೇಳಿ. ಅಷ್ಟು ವರ್ಷ ಹೊಲದಲ್ಲಿ ದುಡಿದ ಕೈಯಲ್ಲಿ ಹೆಬ್ಬೆರಳಿನ ನಡೆ ಹಾಗೇ ಉಳಿದಿರುವುದು ಕೇಳಿಸುತ್ತದೆ. ಬ್ಲೂಸ್‌ಗೆ ಹೊಸಬರು ಈ ಎಲ್‌ಪಿಯಿಂದಲೇ ಶುರುಮಾಡಿ. ಒಂದನ್ನೇ ಇಟ್ಟುಕೊಳ್ಳುವುದಾದರೆ ನಮ್ಮ ಮತ 1928ರ ಹಾಡುಗಳ ಸಿಡಿಗೆ.

ಎಲ್‌ಪಿ ಕೊಂಡರೆ ಬೇಸಿಗೆಯ ಎಚ್ಚರ ಬೇಕು. ಇಲ್ಲಿ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಮಾಳಿಗೆಯ ಕೋಣೆಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಬಿಟ್ಟರೆ ತಟ್ಟೆ ಸೊಟ್ಟಗಾಗಿ, ಮುಳ್ಳು ಏರಿಳಿದು, ಸ್ವರ ಅಲುಗುತ್ತದೆ. ಒಂದರ ಮೇಲೊಂದು ಪೇರಿಸದೆ, ವಾಲಿಸದೆ, ನೆಟ್ಟಗೆ ನಿಲ್ಲಿಸಿಡಿ. ಟರ್ನ್‌ಟೇಬಲ್ ಕೆಳಗೆ ಶಹಾಬಾದ್ ಫರಸಿಯ ಒಂದು ತುಂಡು ಮಟ್ಟಮಾಡಿ ಇಟ್ಟರೆ, ಓಡಾಡುವ ಕಾಲಿನ ಅದುರು ಮುಳ್ಳಿಗೆ ತಾಗುವುದು ಕೊಂಚ ಕಡಿಮೆಯಾಗಬಹುದು.