ಕಾರ್ ಶೆಡ್‌ಗೆ ಹಗುರ ಶೀಟು: ಕಲರ್ ತಗಡು, ಪಾಲಿಕಾರ್ಬೊನೇಟ್, ಯುಪಿವಿಸಿ, ಅಲ್ಯೂಮಿನಿಯಂ ನಾಲ್ಕರ ವಿಮರ್ಶೆ

ಮನೆ ಮುಂದೆ ಕಾರ್ ಶೆಡ್ ಹಾಕಿಸುವವರು ಫ್ಯಾಬ್ರಿಕೇಟರ್ ಬಳಿ ಕೇಳುವುದು ಎರಡೇ ಪ್ರಶ್ನೆ: ಚದರಡಿಗೆ ಎಷ್ಟು, ಯಾವ್ಯಾವ ಬಣ್ಣ ಇದೆ. ಶೀಟಿನ ದಪ್ಪ ಎಷ್ಟು, ಮೇಲಿನ ಲೇಪ ಯಾವುದು, ಯಾವ ಸ್ಕ್ರೂ ಹಾಕುತ್ತೀರಿ ಅನ್ನುವುದು ಮಾತಿಗೇ ಬರುವುದಿಲ್ಲ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಶೀಟು ಹಾರುವುದು, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸೋರುವುದು, ಅಂಚಿನಿಂದ ತುಕ್ಕು ಏರುವುದು ಬಹುಪಾಲು ಈ ಕೇಳದ ಪ್ರಶ್ನೆಗಳಿಂದಲೇ.

ಇಲ್ಲಿ ಅಳತೆಗೆ ಹಿಡಿದಿರುವುದು 10×18 ಅಡಿಯ, ಒಂದು ಕಾರು ನಿಲ್ಲುವ ಶೆಡ್. ಅಂದರೆ 16.7 ಚದರ ಮೀಟರ್. 0.5 ಮಿ.ಮೀ. ಕಲರ್ ಶೀಟು ಹೊದಿಸಿದರೆ ಇಡೀ ಮಾಡಿನ ಶೀಟಿನ ತೂಕ 90 ಕೆ.ಜಿ. ದಾಟುವುದಿಲ್ಲ. ಅದೇ ಜಾಗಕ್ಕೆ ಮಂಗಳೂರು ಹಂಚು ಹಾಕಿದರೆ 600 ಕೆ.ಜಿ. ಆಸುಪಾಸು. ಆದರೆ ಹಗುರ ಶೀಟಿನ ನಿಜವಾದ ಸಮಸ್ಯೆ ಕೆಳಗೆ ಬೀಳುವ ತೂಕವಲ್ಲ, ಮೇಲಕ್ಕೆ ಎತ್ತುವ ಗಾಳಿ. ಕಟ್ಟಡಗಳ ಮೇಲಿನ ಗಾಳಿ ಹೊರೆಯ ಭಾರತೀಯ ಮಾನದಂಡವಾದ ಐಎಸ್ 875ರ 3ನೇ ಭಾಗ (2015) ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗ ಎಂದು ಹಿಡಿಯುತ್ತದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ, ಅದನ್ನು 9.8ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ: ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 66 ಕೆ.ಜಿ., ಮಂಗಳೂರಿನಲ್ಲಿ 93 ಕೆ.ಜಿ. ಶೆಡ್ಡಿನ ಎತ್ತರ, ಇಳಿಜಾರು, ಅಕ್ಕಪಕ್ಕದ ಕಟ್ಟಡ ನೋಡಿ ಇದನ್ನು ಕೂಡಿ ಕಳೆಯಬೇಕು. ಅರ್ಧವೇ ಎಂದು ಹಿಡಿದರೂ ಬೆಂಗಳೂರಿನ ಆ 90 ಕೆ.ಜಿ. ಮಾಡನ್ನು 500 ಕೆ.ಜಿ.ಗೂ ಹೆಚ್ಚಿನ ಬಲ ಮೇಲಕ್ಕೆ ಎಳೆಯುತ್ತದೆ.

ಹಾಗಾಗಿ ಶೀಟು ಹಗುರವಾಯಿತೆಂದು ಪಾಯದಲ್ಲಿ ಉಳಿಸಬೇಡಿ. ಪಾರ್ಕಿಂಗ್ ಟೈಲ್ಸ್ ಮೇಲೆ ಬೇಸ್ ಪ್ಲೇಟ್ ಇಟ್ಟು ನಾಲ್ಕು ಆ್ಯಂಕರ್ ಬೋಲ್ಟ್ ಹೊಡೆದು ಹೋಗುವುದು ಇವತ್ತಿನ ರೂಢಿ. ಟೈಲ್ಸ್ ಕೆಳಗಿರುವುದು ಮೂರು-ನಾಲ್ಕು ಇಂಚಿನ ಬೆಡ್ ಕಾಂಕ್ರೀಟ್ ಮಾತ್ರ, ಬೋಲ್ಟು ಅದರ ಸಮೇತ ಕಿತ್ತು ಬರುತ್ತದೆ. ಪ್ರತಿ ಕಂಬಕ್ಕೂ ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ತೋಡಿ ಕಾಂಕ್ರೀಟ್ ತುಂಬಿದರೆ ಒಂದೊಂದೂ 300 ಕೆ.ಜಿ. ತೂಗುತ್ತದೆ. ನಾಲ್ಕು ಕಂಬಕ್ಕೆ 1,200 ಕೆ.ಜಿ. ಗಾಳಿಗೆ ಉತ್ತರ ಕೊಡುವುದು ಈ ತೂಕ.

ಇನ್ನು ಶೀಟಿಗೆ ಬರೋಣ. ಕಡಲಿಂದ ದೂರ ಇರುವ ಹೆಚ್ಚಿನ ಮನೆಗಳಿಗೆ ಸರಿಹೊಂದುವುದು ಕಲರ್ ಕೋಟೆಡ್ ಗ್ಯಾಲ್ವಲ್ಯೂಮ್ ಶೀಟು. ಉಕ್ಕಿನ ಮೇಲೆ ಶೇ. 55 ಅಲ್ಯೂಮಿನಿಯಂ, ಶೇ. 43.5 ಸತು, ಉಳಿದದ್ದು ಸಿಲಿಕಾನ್ ಇರುವ ಲೇಪ, ಅದರ ಮೇಲೆ ಬಣ್ಣ. ಬರಿ ಸತುವಿನ ಜಿಐ ಕಲರ್ ಶೀಟು ಕೂಡ ಇದೇ ಬಣ್ಣದಲ್ಲಿ, ಇದೇ ಆಕಾರದಲ್ಲಿ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೆಎಸ್‌ಡಬ್ಲ್ಯೂ ಕಲರಾನ್, ಟಾಟಾ ಬ್ಲೂಸ್ಕೋಪ್‌ನ ಡ್ಯೂರಾಶೈನ್ ಎಂದು ಹೆಸರು ಹೇಳಿ ಕೇಳುವವರು ಬಹಳ. ಹೆಸರಷ್ಟೇ ಸಾಲದು, ಕೇಳಬೇಕಾದದ್ದು ಲೇಪದ ಅಂಕಿ: ಎಝಡ್ 150. ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪ ಎಂದು ಅದರ ಅರ್ಥ. ಎಝಡ್ 70 ಎಂದರೆ ಅದರ ಅರ್ಧಕ್ಕೂ ಕಡಿಮೆ, ಆಯುಸ್ಸೂ ಅದೇ ಲೆಕ್ಕ.

ಮೋಸ ಹೆಚ್ಚು ನಡೆಯುವುದು ದಪ್ಪದಲ್ಲಿ. 0.5 ಮಿ.ಮೀ. ಎಂದಾಗ ಅದು ಲೇಪ, ಬಣ್ಣ ಎಲ್ಲ ಸೇರಿದ ದಪ್ಪ. ಒಳಗಿನ ಉಕ್ಕು 0.43ರ ಸುಮಾರಿಗೆ ಇರುತ್ತದೆ. 0.45ರ ಶೀಟನ್ನು 0.5 ಎಂದು ಇಳಿಸಿಬಿಟ್ಟರೆ ಕೈಯಲ್ಲಿ ಹಿಡಿದು ಹೇಳುವುದು ಕಷ್ಟ. ಸ್ಕ್ರೂಗೇಜ್ ಇಲ್ಲದಿದ್ದರೆ ತಕ್ಕಡಿ ಸಾಕು: 1,220 ಮಿ.ಮೀ. ಕಾಯಿಲ್‌ನಿಂದ ಮಡಚಿದ 12 ಅಡಿ ಶೀಟು 0.5 ಆಗಿದ್ದರೆ 16 ಕೆ.ಜಿ. ಹತ್ತಿರ ತೂಗಬೇಕು, 0.45 ಆಗಿದ್ದರೆ 14 ಕೆ.ಜಿ. ಚಿಲ್ಲರೆ. ಗುಜರಿ ಅಂಗಡಿಯ ತಕ್ಕಡಿಯಲ್ಲೂ ಇದು ಸಿಕ್ಕಿಬೀಳುತ್ತದೆ. 0.35ರ ಶೀಟು ಕಾಂಪೌಂಡಿಗೆ ಮರೆ ಕಟ್ಟಲು ಸರಿ, ಮಾಡಿಗೆ ಬೇಡ. ಸ್ಕ್ರೂ ಸುತ್ತ ತಗಡು ಹರಿದು, ಸ್ಕ್ರೂ ಪೈಪಿನಲ್ಲೇ ಉಳಿದು ಶೀಟು ಮಾತ್ರ ಹಾರಿಹೋಗುತ್ತದೆ.

ನಮ್ಮ ಶೆಡ್ಡಿಗೆ 11 ಅಡಿ ಉದ್ದದ ಆರು ಶೀಟು ಬೇಕು. ಒಂದೊಂದೂ ಪಕ್ಕದ ಜೋಡಣೆ ಕಳೆದು ಒಂದು ಮೀಟರ್ ಅಗಲ ಮುಚ್ಚುತ್ತದೆ. ಉದ್ದಕ್ಕೆ ತುಂಡು ಜೋಡಿಸಬೇಡಿ, ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. 10 ಅಡಿಗೆ ಒಂದು ಅಡಿ ಇಳಿಜಾರು ಕೊಡಿ. ಮೂರೂವರೆ ಅಡಿಗೊಂದರಂತೆ 2 ಮಿ.ಮೀ. ದಪ್ಪದ ಚೌಕ ಪೈಪಿನ ನಾಲ್ಕು ಪರ್ಲಿನ್, ಅಂದರೆ ಶೀಟು ಕೂರುವ ಅಡ್ಡಪೈಪು. 1.6 ಮಿ.ಮೀ.ಗಿಂತ ತೆಳು ಪೈಪಿನಲ್ಲಿ ಸ್ಕ್ರೂವಿನ ಎಳೆಗೆ ಕಚ್ಚಲು ಲೋಹವೇ ಇರುವುದಿಲ್ಲ. ಇಷ್ಟಕ್ಕೆ ಪರ್ಲಿನ್ ಮೇಲೆ ಸುಮಾರು 100 ಸ್ಕ್ರೂ, ಶೀಟು-ಶೀಟಿನ ಜೋಡಣೆಗೆ 35 ಗಿಡ್ಡ ಸ್ಕ್ರೂ ಹಿಡಿಯುತ್ತದೆ. ಮೇಲಿನ ಮತ್ತು ಕೆಳಗಿನ ಅಂಚಿನ ಪರ್ಲಿನ್‌ಗೆ ಹೆಚ್ಚು ಹಾಕಿ, ಗಾಳಿ ಬೆರಳು ತೂರಿಸುವುದು ಅಲ್ಲಿಂದಲೇ. ಕೆಲಸಗಾರರು 50-60ರಲ್ಲಿ ಮುಗಿಸಿದರೆ ಶೆಡ್ಡು ನೋಡಲು ಹಾಗೆಯೇ ಇರುತ್ತದೆ, ಗಾಳಿ ಬರುವ ತನಕ.

ಸ್ಕ್ರೂ ಸೆಲ್ಫ್ ಡ್ರಿಲ್ಲಿಂಗ್ ಆಗಿರಲಿ, ಏಣಿನ (ಶೀಟಿನ ಉಬ್ಬು ಮಡಿಕೆಯ) ಮೇಲೆ ಹೊಡೆಯುವುದಾದರೆ 55 ಮಿ.ಮೀ. ಉದ್ದ, ತಲೆಯಡಿ ಇಪಿಡಿಎಂ ರಬ್ಬರ್ ವಾಷರ್ ಕಡ್ಡಾಯ. ನೀರು ಹರಿಯುವುದು ತಗ್ಗಿನಲ್ಲಿ, ಆದ್ದರಿಂದ ಮಲೆನಾಡು-ಕರಾವಳಿಯ ಮಳೆಗೆ ಏಣಿನ ಮೇಲೆ ಹೊಡೆಯುವುದೇ ಮೇಲು. ಬಿಗಿ ಎಷ್ಟಿರಬೇಕೆಂದರೆ ವಾಷರ್ ತುಸು ಅದುಮಿದಂತೆ ಕಾಣಬೇಕು, ಪಕ್ಕಕ್ಕೆ ಉಬ್ಬಿ ಬಂದರೆ ಅತಿಯಾಯಿತು. ಹಾಗೆ ಉಬ್ಬಿದ ರಬ್ಬರ್ ಬಿಸಿಲಿಗೆ ಬೇಗ ಸೀಳುತ್ತದೆ, ಸೋರಿಕೆ ಶುರುವಾಗುವುದು ಅಲ್ಲಿ. ಇಂಪ್ಯಾಕ್ಟ್ ಡ್ರಿಲ್ ಹಿಡಿದು ಬಂದರೆ ಈ ತಪ್ಪು ಆಗಿಯೇ ಆಗುತ್ತದೆ.

ಗ್ರೈಂಡರ್ ಬಗ್ಗೆ ಒಂದು ಮಾತು. ಕಟಿಂಗ್ ವೀಲ್‌ನಲ್ಲಿ ಶೀಟು ಕತ್ತರಿಸಿದರೆ ಅಂಚಿನ ಲೇಪ ಸುಟ್ಟುಹೋಗುತ್ತದೆ, ಹಾರಿದ ಕಿಡಿ ಬಣ್ಣದೊಳಗೆ ಹುದುಗಿ ಒಂದೇ ಮಳೆಗೆ ಕಂದು ಚುಕ್ಕಿಯಾಗುತ್ತದೆ. ಎಝಡ್ 150ಕ್ಕೆ ಕೊಟ್ಟ ದುಡ್ಡು ಅಲ್ಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತಗಡು ಕತ್ತರಿ ಅಥವಾ ನಿಬ್ಲರ್ (ತಗಡನ್ನು ಕಚ್ಚಿ ಕತ್ತರಿಸುವ ಯಂತ್ರ) ಬಳಸಲಿ, ಸಂಜೆ ಕೆಲಸ ಬಿಡುವ ಮುನ್ನ ಡ್ರಿಲ್ ಪುಡಿಯನ್ನು ಮೆತ್ತನೆ ಪೊರಕೆಯಲ್ಲಿ ಗುಡಿಸಲಿ. ಮಾಡು ಗೋಡೆಗೆ ತಾಗುವ ಕಡೆ ಸಿಮೆಂಟ್ ಗಾರೆ ಮೆತ್ತುವುದೂ ಇದೇ ಜಾತಿಯ ತಪ್ಪು. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಇರುವ ಲೇಪವನ್ನು ತಿನ್ನುತ್ತದೆ. ಅಲ್ಲಿ ಮಡಚಿದ ತಗಡಿನ ಫ್ಲಾಶಿಂಗ್ ಕೊಟ್ಟು, ಅದರ ಮೇಲಂಚಿಗೆ ಪಿಯು ಸೀಲಂಟ್ ಹಾಕಬೇಕು.

ತಗಡಿನ ದೊಡ್ಡ ದೂರು ಸದ್ದು. ಅಡಿಯಲ್ಲಿ 10 ಮಿ.ಮೀ. ಫಾಯಿಲ್ ಫೋಮ್ ಅಂಟಿಸಿದರೆ ಮಳೆಯ ಸದ್ದು, ಬಿಸಿ ಎರಡೂ ತಗ್ಗುತ್ತವೆ. ಕಾರಿಗೆ ಮಾತ್ರವಾದರೆ ಅದು ದಂಡ, ಮಲಗುವ ಕೋಣೆಯ ಕಿಟಕಿ ಶೆಡ್ಡಿಗೆ ತಾಗಿದ್ದರೆ ಹಾಕಿಸಿ.

ಪಾಲಿಕಾರ್ಬೊನೇಟ್‌ಗೆ ಒಂದೇ ಒಳ್ಳೆಯ ಕಾರಣ: ಬೆಳಕು. ಶೆಡ್ಡಿನ ಹಿಂದೆ ಹಾಲ್ ಅಥವಾ ಅಡುಗೆಮನೆಯ ಕಿಟಕಿ ಇದ್ದು, ತಗಡು ಹಾಕಿದರೆ ಒಳಗೆ ಕತ್ತಲಾಗುವಂತಿದ್ದರೆ ಇದನ್ನು ಆರಿಸಿ. 6 ಮಿ.ಮೀ. ಟೊಳ್ಳು ಶೀಟು ಚದರ ಮೀಟರಿಗೆ 1.3 ಕೆ.ಜಿ. ಅಷ್ಟೇ, 3 ಮಿ.ಮೀ. ಗಟ್ಟಿ ಶೀಟು 3.6 ಕೆ.ಜಿ. ಇದು ಅತಿನೇರಳೆ ಕಿರಣ ತಡೆಯುತ್ತದೆ, ಬಿಸಿಯನ್ನಲ್ಲ. ಪಾರದರ್ಶಕ ಶೀಟಿನಡಿ ನಿಂತ ಕಾರು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತಷ್ಟೇ ಕಾಯುತ್ತದೆ ಎನ್ನಬಹುದು. ಹಾಲುಬಿಳಿ ಬಣ್ಣ ಒಂದಿಷ್ಟು ವಾಸಿ.

ಇದರಲ್ಲಿ ಕೆಡುವುದು ಹೆಚ್ಚಾಗಿ ಅಳವಡಿಕೆ. ಯುವಿ ಲೇಪ ಸಾಮಾನ್ಯವಾಗಿ ಒಂದೇ ಬದಿಗಿರುತ್ತದೆ, ಅಕ್ಷರ ಅಚ್ಚಾದ ಪ್ಲಾಸ್ಟಿಕ್ ಪೊರೆ ಇರುವ ಬದಿ ಅದು. ಮೊದಲು ಪೊರೆ ಕಿತ್ತು ಆಮೇಲೆ ಶೀಟು ಮೇಲೇರಿಸಿದರೆ ಯಾವ ಬದಿ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ತಲೆಕೆಳಗಾದ ಶೀಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಗರಿಗರಿ ಒಡೆಯುತ್ತದೆ. ಟೊಳ್ಳು ಕೊಳವೆಗಳು ಇಳಿಜಾರಿನ ದಿಕ್ಕಿಗೇ ಇರಬೇಕು. ಮೇಲಿನ ತುದಿಗೆ ಅಲ್ಯೂಮಿನಿಯಂ ಟೇಪ್, ಕೆಳ ತುದಿಗೆ ಗಾಳಿಯಾಡುವ ಟೇಪ್. ಇದನ್ನು ಬಿಟ್ಟರೆ ಒಳಗೆ ತೇವ ನಿಂತು ಪಾಚಿ ಕಟ್ಟಿ ಹಸಿರು ಗೆರೆ ಮೂಡುತ್ತದೆ, ಒಳಗೆ ಕೂತ ಪಾಚಿಯನ್ನು ತೊಳೆಯುವ ದಾರಿಯೇ ಇಲ್ಲ. ಬಿಸಿಲಿಗೆ ಹಿಗ್ಗುವುದೂ ಹೆಚ್ಚು: 40 ಡಿಗ್ರಿ ವ್ಯತ್ಯಾಸಕ್ಕೆ 11 ಅಡಿ ಶೀಟು 9 ಮಿ.ಮೀ.ವರೆಗೆ ಬೆಳೆಯುತ್ತದೆ, ಅದೇ ಉದ್ದದ ಉಕ್ಕಿನ ಶೀಟು 2 ಮಿ.ಮೀ. ಕೂಡ ಇಲ್ಲ. ಆದ್ದರಿಂದ 6 ಮಿ.ಮೀ. ಸ್ಕ್ರೂಗೆ 10 ಮಿ.ಮೀ. ತೂತು ಕೊರೆದು, ಅಗಲ ವಾಷರ್ ಹಾಕಿ, ಹಗುರವಾಗಿ ಬಿಗಿಯಬೇಕು. ತಗಡಿಗೆ ಹೊಡೆದಂತೆ ನೇರ ಸ್ಕ್ರೂ ಹೊಡೆದವರ ಶೆಡ್ಡಿನಲ್ಲಿ ಮಧ್ಯಾಹ್ನ ಟಕ್ ಟಕ್ ಸದ್ದು, ಆಮೇಲೆ ತೂತಿನ ಸುತ್ತ ಬಿರುಕು. 6 ಮಿ.ಮೀ. ಟೊಳ್ಳು ಶೀಟಿಗೆ ಎರಡು ಅಡಿಗೊಂದು ಆಧಾರ ಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ, ಶೀಟಿನಲ್ಲಿ ಉಳಿದ ತೂಕ ಪೈಪಿನಲ್ಲಿ ಹೋಗುತ್ತದೆ. ಬಾಗಿಸಿದ ಮಾಡು ಬೇಕಿದ್ದರೆ ಈ ದಪ್ಪಕ್ಕೆ ತ್ರಿಜ್ಯ ಒಂದು ಮೀಟರ್‌ಗಿಂತ ಕಡಿಮೆ ಆಗಬಾರದು.

ಕರಾವಳಿಯ ಲೆಕ್ಕವೇ ಬೇರೆ. ಉಪ್ಪುಗಾಳಿಯಲ್ಲಿ ಕಲರ್ ಶೀಟು ತುಕ್ಕು ಹಿಡಿಯುವುದು ಹೆಚ್ಚಾಗಿ ಅಡಿಯಿಂದ. ಮೇಲ್ಬದಿಯನ್ನು ಮಳೆ ತೊಳೆಯುತ್ತದೆ. ತೆರೆದ ಶೆಡ್ಡಿನ ಒಳಬದಿಗೆ ಉಪ್ಪು ಕೂರುತ್ತದೆ, ತೊಳೆಯುವವರಿಲ್ಲ, ಬಣ್ಣವೂ ಆ ಬದಿಗೆ ತೆಳು. ಕಡಲಿಗೆ ಹತ್ತಿರದ ಮನೆಗೆ ವಾರಂಟಿ ಅನ್ವಯಿಸುತ್ತದೆಯೇ ಎಂದು ಕಾಗದದಲ್ಲಿ ಓದಿಕೊಳ್ಳಿ. ಉಳ್ಳಾಲ, ಮಲ್ಪೆ, ಕಾರವಾರದ ಕಡಲಂಚಿನ ಮನೆಗಳಿಗೆ ಅಲ್ಯೂಮಿನಿಯಂ ಶೀಟು ಮೊದಲ ಆಯ್ಕೆ. 0.7 ಮಿ.ಮೀ. ದಪ್ಪದ್ದೂ ಉಕ್ಕಿನ ಅರ್ಧದಷ್ಟೇ ತೂಗುತ್ತದೆ. ಆದರೆ ಅದನ್ನು ಬರಿ ಕಬ್ಬಿಣದ ಪೈಪಿನ ಮೇಲೆ ನೇರ ಕೂರಿಸಬಾರದು, ಉಪ್ಪುನೀರು ಸೇರಿದರೆ ತಾಗಿದ ಕಡೆ ಅಲ್ಯೂಮಿನಿಯಂ ಕರಗುತ್ತದೆ. ಪೈಪಿಗೆ ಪ್ರೈಮರ್-ಬಣ್ಣ, ಮಧ್ಯೆ ರಬ್ಬರ್ ಪಟ್ಟಿ, ಸ್ಕ್ರೂ ಸ್ಟೇನ್‌ಲೆಸ್. ಶೀಟಿಗಿಂತ ಪೈಪಿನ ಚೌಕಟ್ಟು ಮೊದಲು ತುಕ್ಕು ಹಿಡಿಯುವ ಊರು ಅದು, ಜಿಐ ಪೈಪು ಬಳಸಿ, ವೆಲ್ಡಿಂಗ್ ಆದ ಕಡೆಗೆಲ್ಲ ಸತುವಿನ ಬಣ್ಣ ಬಳಿಯಿರಿ. ಮಳೆಗಾಳಿ ಪಶ್ಚಿಮ-ನೈಋತ್ಯದಿಂದ ಬರುವುದರಿಂದ ಹೊದಿಸುವುದನ್ನು ಪೂರ್ವದ ತುದಿಯಿಂದ ಶುರು ಮಾಡಿಸಿ, ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ, ಎರಚಲು ಒಳಗೆ ನುಗ್ಗುವುದಿಲ್ಲ.

ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಶೀಟಿಗೆ ತುಕ್ಕಿನ ಪ್ರಶ್ನೆಯೇ ಇಲ್ಲ, ಮಳೆ ಸದ್ದೂ ಕಡಿಮೆ. ಆದರೆ ಬಿಸಿಗೆ ಮೆತ್ತಗಾಗುತ್ತದೆ. ಪರ್ಲಿನ್ ಎರಡೂವರೆ ಅಡಿಗಿಂತ ದೂರ ಇಟ್ಟರೆ ಮಧ್ಯೆ ಜೋಲುತ್ತದೆ, ಜೋಲಿದಲ್ಲಿ ನೀರು ನಿಲ್ಲುತ್ತದೆ. ಬಿಳಿ ಅಥವಾ ತಿಳಿ ಬಣ್ಣವೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದ ಬಿಸಿಲಿಗೆ ಇದನ್ನು ಶಿಫಾರಸು ಮಾಡಲಾರೆವು.

ಸಿಮೆಂಟ್ ಶೀಟು ಚದರ ಮೀಟರಿಗೆ 12 ಕೆ.ಜಿ.ಗೂ ಹೆಚ್ಚು, ಹಗುರದ ಪಟ್ಟಿಗೇ ಸೇರುವುದಿಲ್ಲ. ಆಸ್ಬೆಸ್ಟಾಸ್ ಇರುವುದನ್ನು ಕೊರೆದಾಗ ಏಳುವ ಧೂಳು ಕ್ಯಾನ್ಸರ್‌ಕಾರಕ. ಫೈಬರ್ ಶೀಟು ಅಗ್ಗ, ಬಿಸಿಲಿಗೆ ಮೇಲ್ಮೈ ಸವೆದು ಎಳೆ ಎದ್ದು ಕೈಗೆ ಚುಚ್ಚುತ್ತದೆ. ಎರಡೂ ಬೇಡ.

ತೆಂಗಿನ ಮರದಡಿ ಶೆಡ್ಡು ಬರುವುದಾದರೆ ಟೊಳ್ಳು ಪಾಲಿಕಾರ್ಬೊನೇಟ್, ಸಿಮೆಂಟ್ ಶೀಟು ಎರಡನ್ನೂ ಮರೆತುಬಿಡಿ. 0.5ರ ತಗಡು ತಗ್ಗಾಗುತ್ತದೆ, ಆದರೆ ಕಾಯಿ ಕಾರಿನ ಗಾಜಿಗೆ ಬರುವುದು ತಪ್ಪುತ್ತದೆ.

ದರಪಟ್ಟಿ ತೆಗೆದುಕೊಳ್ಳುವಾಗ ಚೌಕಟ್ಟು, ಶೀಟು, ಪಾಯ ಮೂರನ್ನೂ ಬೇರೆ ಬೇರೆ ಬರೆಸಿ. ಶೀಟಿನ ಸಾಲಿನಲ್ಲಿ ಒಟ್ಟು ದಪ್ಪ, ಲೇಪದ ಅಂಕಿ, ಕಂಪನಿ. ಚೌಕಟ್ಟಿನ ಸಾಲಿನಲ್ಲಿ ಪೈಪಿನ ಅಳತೆ ಮತ್ತು ಗೋಡೆಯ ದಪ್ಪ ಮಿ.ಮೀ.ನಲ್ಲಿ. ‘ಹೆವಿ ಗೇಜ್’ ಎಂದು ಬರೆದುಕೊಟ್ಟರೆ ವಾಪಸ್ ಕೊಡಿ. ದಂಬೆ ಮತ್ತು ಇಳಿಪೈಪನ್ನೂ ಇದರಲ್ಲೇ ಸೇರಿಸಿಕೊಳ್ಳಿ: ಗಂಟೆಗೆ 100 ಮಿ.ಮೀ. ಮಳೆ ಸುರಿದರೂ ಈ ಮಾಡಿನಿಂದ ನಿಮಿಷಕ್ಕೆ 28 ಲೀಟರ್, ಒಂದು ಮೂರಿಂಚಿನ ಪೈಪು ಸಾಕು. ಬೆಂಗಳೂರಿನ ಮಳೆಗೆ ವರ್ಷಕ್ಕೆ 16,000 ಲೀಟರ್ ಹತ್ತಿರ ಬೀಳುವ ಈ ನೀರನ್ನು ಸಂಪಿಗೆ ಬಿಡುವುದಾದರೆ ಇಳಿಪೈಪಿನ ಬಾಯಿಗೆ ಎಲೆ ತಡೆಯುವ ಜಾಲರಿ ಮತ್ತು ಮೊದಲ ಮಳೆಯ ಕೊಳೆ ಹೊರಬಿಡಲು ಒಂದು ವಾಲ್ವ್ ಈಗಲೇ ಹಾಕಿಸಿ.