ಹುಣಸೆ ಮರದ ಕೆಳಗಿನ ಸೈಕಲ್ ಅಂಗಡಿ: ಓವರಾಲಿಂಗ್ ಆದ ಮೇಲೆ 600 ಕಿಲೋಮೀಟರ್

ನವೆಂಬರ್ ಮೊದಲ ವಾರ ಈ ಅಂಗಡಿಗೆ ನನ್ನ ಸೈಕಲ್ ಕೊಟ್ಟೆ. ಅಲ್ಲಿಂದ ಈಚೆಗೆ ಮೀಟರಿನಲ್ಲಿ 612 ಕಿಲೋಮೀಟರ್ ಆಗಿದೆ. ನಂಜನಗೂಡು ಎರಡು ಸಲ, ಶ್ರೀರಂಗಪಟ್ಟಣ ಲೆಕ್ಕವಿಲ್ಲ, ಬಲಮುರಿ, ಒಂದು ಸಲ ಮಂಡ್ಯ, ಮೂರು ಸಲ ಚಾಮುಂಡಿ ಬೆಟ್ಟ. ನಮ್ಮ ಸೈಕಲ್ ಕ್ಲಬ್ಬಿಗೆ ಹೊಸದಾಗಿ ಸೇರಿದವರು "ಸರ್ವಿಸ್ ಎಲ್ಲಿ ಮಾಡಿಸೋದು ಮೇಡಂ" ಅಂತ ಪ್ರತಿ ಭಾನುವಾರ ಕೇಳುತ್ತಿದ್ದೀರಿ. ಇಷ್ಟು ತುಳಿದು ನೋಡದೆ ಹೇಳಬಾರದು ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ.

ಅಂಗಡಿಗೆ ಬೋರ್ಡಿಲ್ಲ. ಆಲನಹಳ್ಳಿ ಕಡೆ ಹೋಗುವಾಗ ಎಡಕ್ಕೆ ಒಂದು ದೊಡ್ಡ ಹುಣಸೆ ಮರ, ಅದರ ಕೊಂಬೆಗೆ ಹಳೇ ಟೈರುಗಳನ್ನು ನೇತುಹಾಕಿರುತ್ತಾರೆ. ಅದೇ ಗುರುತು. ನಡೆಸುವವರು ಅರವತ್ತು ದಾಟಿದ ಯಜಮಾನರು, ಮಂಡ್ಯ ಕಡೆಯವರು. ಜೊತೆಗೆ ಅವರ ಸೊಸೆ ಕೂತು ಪಂಚರ್ ಹಾಕುತ್ತಾರೆ, ಲೆಕ್ಕ ಬರೆಯುತ್ತಾರೆ.

ಅಲ್ಲಿಗೆ ಯಾಕೆ ಹೋದೆ ಅನ್ನುವುದನ್ನು ಮೊದಲು ಹೇಳಬೇಕು. ದಸರಾಕ್ಕೆ ಮುಂಚೆ ಊರಿನ ಒಂದು ದೊಡ್ಡ ಶೋರೂಮಿನಲ್ಲಿ 1,800 ರೂಪಾಯಿ ಕೊಟ್ಟು 'ಫುಲ್ ಸರ್ವಿಸ್' ಮಾಡಿಸಿದ್ದೆ. ಸೈಕಲ್ಲು ಫಳಫಳ ಹೊಳೆಯುತ್ತಾ ಮನೆಗೆ ಬಂತು. ಹದಿನೈದು ದಿನ ಬಿಟ್ಟು ಬೆಟ್ಟ ಹತ್ತಿ ಇಳಿಯುವಾಗ ಹಿಂದಿನ ಬ್ರೇಕು ಹಿಡಿದರೆ ಲಿವರು ಹ್ಯಾಂಡಲ್ಲಿಗೇ ತಾಗಿತು. ಚಾಮುಂಡಿ ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಆ ಇಳಿಜಾರಿನಲ್ಲಿ ಮುಂದಿನ ಒಂದೇ ಬ್ರೇಕಿನ ಮೇಲೆ ಪ್ರಾಣ ಹಿಡಿದುಕೊಂಡು ಇಳಿದೆ. ನಂದಿಗೆ ಹೋಗುವ ಕವಲಿನ ಹತ್ತಿರ ನಿಲ್ಲಿಸಿ ನೋಡಿದರೆ ಕೇಬಲ್ಲಿನ ಎಳೆಗಳು ಒಂದೊಂದಾಗಿ ಹರಿದು, ಮೂರೋ ನಾಲ್ಕೋ ಎಳೆ ಉಳಿದಿದ್ದವು. ಆವತ್ತು ಕೈ ನಡುಗಿದ್ದು ಮನೆ ಸೇರಿದ ಮೇಲೂ ನಿಂತಿರಲಿಲ್ಲ.

ಹುಣಸೆ ಮರದ ಯಜಮಾನರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ, ಬೇರಿಂಗನ್ನು ಹಿಡಿದಿಡುವ ಕೋನ್ ಸಡಿಲಿಸಿ, ಅದರ ಗುಂಡುಗಳನ್ನು ಒಂದು ಸ್ಟೀಲ್ ತಟ್ಟೆಗೆ ಬೀಳಿಸಿದರು. ಗ್ರೀಸು ಒಣಗಿ ಕಪ್ಪು ಅಂಟಾಗಿತ್ತು. ನನ್ನನ್ನು ಕರೆದು ತೋರಿಸಿದರು.

"ಇದು ಫ್ಯಾಕ್ಟ್ರೀಲಿ ಹಾಕಿದ್ದೇ ಗ್ರೀಸು ಕಣವ್ವ. ಯಾರೂ ಬಿಚ್ಚೇ ಇಲ್ಲ ಇದ್ನ."

ಆರು ವರ್ಷದ ಸೈಕಲ್ಲು ಅದು. ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಂದು ಕಡೆಗೆ ಒಂಬತ್ತು, ಇನ್ನೊಂದು ಕಡೆಗೆ ಒಂಬತ್ತು, ಎಲ್ಲವೂ ಕಾಲಿಂಚಿನವು. ಅದರಲ್ಲಿ ಎರಡಕ್ಕೆ ಸಣ್ಣ ಗುಳಿ ಬಿದ್ದಿತ್ತು. ಎರಡು ಮಾತ್ರ ಬದಲಾಯಿಸಿದರೆ ಹೊಸವು ಒಂದು ಕೂದಲೆಳೆ ದಪ್ಪ ಇದ್ದು ಭಾರವೆಲ್ಲ ಅವುಗಳ ಮೇಲೇ ಬೀಳುತ್ತದೆ ಅಂತ ಹದಿನೆಂಟನ್ನೂ ಬದಲಾಯಿಸಿದರು.

ಬ್ರೇಕ್ ರಬ್ಬರಿನ ವಿಷಯದಲ್ಲಿ ನಾನು ಕಲಿತದ್ದನ್ನು ಬೆಟ್ಟ ಹತ್ತುವವರೆಲ್ಲ ಕೇಳಬೇಕು. ನನ್ನ ರಬ್ಬರು ಸವೆದಿರಲಿಲ್ಲ. ಆದರೆ ಅದರ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಒತ್ತಿಕೊಂಡೇ ಬಂದರೆ ರಿಮ್ಮು ಕಾದು ರಬ್ಬರು ಹೀಗೆ ಗಟ್ಟಿಯಾಗುತ್ತದಂತೆ. ಯಜಮಾನರು ಸೂಜಿ ತಗೊಂಡು ರಬ್ಬರಿನೊಳಗೆ ಹೂತಿದ್ದ ಅಲ್ಯೂಮಿನಿಯಮ್ ಚೂರುಗಳನ್ನು ಕೆದಕಿ ತೆಗೆದರು. ಸಾಸಿವೆಗಿಂತ ಸಣ್ಣವು, ಹನ್ನೊಂದು ಇದ್ದವು. ಅವೇ ರಿಮ್ಮನ್ನು ಗೀರುವುದು, ಕಿರ್ರ್ ಅಂತ ಸದ್ದು ಮಾಡುವುದು. ಆಮೇಲೆ ಉಪ್ಪು ಕಾಗದದಲ್ಲಿ ಮುಖ ತಿಕ್ಕಿದರು. "ಇನ್ನೂ ಒಂದ್ ವರ್ಸ ಬತ್ತದೆ, ಹೊಸದ್ಯಾಕೆ?" ಅಂದರು. ಮಾರುವ ಅವಕಾಶ ಕೈಯಲ್ಲಿದ್ದೂ ಮಾರಲಿಲ್ಲ. ನಾನು ಈ ಅಂಗಡಿಯನ್ನು ನಂಬಿದ್ದು ಆ ಗಳಿಗೆಯಲ್ಲಿ. ಅಂದಿನಿಂದ ಇಳಿಯುವಾಗ ಎರಡೂ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯುತ್ತೇನೆ.

ಚೈನು ಅಳೆಯಲು ಅವರ ಹತ್ತಿರ ಇರುವುದು ಮಕ್ಕಳ ಮರದ ಸ್ಕೇಲು. ಒಂದು ಪಿನ್ನಿಗೆ ಸೊನ್ನೆ ಹಿಡಿದರೆ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಾಯಿಸಬೇಕು, ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ. ನನ್ನದು ಇನ್ನೂ ಚೆನ್ನಾಗಿತ್ತು. ನೀವೂ ಮನೆಯಲ್ಲೇ ನೋಡಿಕೊಳ್ಳಬಹುದು, ಎರಡು ನಿಮಿಷದ ಕೆಲಸ.

ಒಟ್ಟು ಬಿಲ್ಲು 780 ರೂಪಾಯಿ: ಓವರಾಲಿಂಗ್ 450, ಉಳಿದದ್ದು ಕೇಬಲ್ಲು, ಗುಂಡು, ಗ್ರೀಸು.

ಈಗ ಪಂಚರಿನ ವಿಷಯ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿನ ಜೊತೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶ ಇಲ್ಲ. ಹಾಗಾಗಿ ಮಂಡ್ಯಕ್ಕೆ ನಮ್ಮ ದಾರಿ ಸರ್ವಿಸ್ ರಸ್ತೆಯೇ. ಅದರ ಅಂಚಿನಲ್ಲಿ ಗಾಜಿನ ಚೂರು, ತಂತಿ, ಜಾಲಿ ಮುಳ್ಳು ಎಲ್ಲ ಬಂದು ಸೇರಿರುತ್ತದೆ. ಡಿಸೆಂಬರಿನ ಮಂಡ್ಯ ರೈಡಿನಲ್ಲಿ ನನಗೆ ಒಂದೇ ಚಕ್ರ ಎರಡು ಸಲ ಪಂಚರ್ ಆಯಿತು, ಹೊಸ ಟ್ಯೂಬ್ ಹಾಕಿದ ಮೇಲೂ. ಮರುದಿನ ಟ್ಯೂಬನ್ನು ಅಂಗಡಿಗೆ ಒಯ್ದೆ. ಸೊಸೆಯಾದ ಅಕ್ಕ ಕೇಳಿದ್ದು ಒಂದೇ ಮಾತು: "ಟೈರೊಳಗೆ ಬಟ್ಟೆ ಆಡ್ಸಿದ್ರಾ?"

ಆಡಿಸಿರಲಿಲ್ಲ. ಹಳೇ ಪಂಚೆಯ ತುಂಡನ್ನು ಟೈರಿನ ಒಳಮೈಗೆ ಒತ್ತಿ ಒಂದು ಸುತ್ತು ಎಳೆದರು. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಇಕ್ಕಳದಲ್ಲಿ ಎಳೆದರೆ ಅಕ್ಕಿ ಕಾಳಿನಷ್ಟು ಉದ್ದದ ಜಾಲಿ ಮುಳ್ಳಿನ ಮೊನೆ! ಹೊರಗಿನಿಂದ ಕಾಣುವ ಹಾಗೇ ಇರಲಿಲ್ಲ. ಟೈರು ಹಾಕುವಾಗ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವ ಹಾಗೆ ಕೂರಿಸಿ ಅಂತಲೂ ಹೇಳಿಕೊಟ್ಟರು. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರೆ ಸಾಕು.

ಆಮೇಲೆ ಪ್ಯಾಚ್ ನನ್ನ ಕೈಯಲ್ಲೇ ಹಾಕಿಸಿದರು. ನಾನು ಸೊಲ್ಯೂಷನ್ ಹಚ್ಚಿದ ಕೂಡಲೇ ಅಂಟಿಸಲು ಹೋದೆ, ತಡೆದರು. ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಐದು ನಿಮಿಷ ಆಯಿತು. ಅಷ್ಟರಲ್ಲಿ ಟೀ ಬಂತು. ಆ ಪ್ಯಾಚ್ ಇವತ್ತಿಗೂ ಇದೆ.

ಟೈರಿನ ಗಾಳಿಯನ್ನೂ ತಿದ್ದಿದರು. ಪಕ್ಕದಲ್ಲಿ ಬರೆದ ಗರಿಷ್ಠ ಗಾಳಿಯನ್ನೇ ನಾನು ತುಂಬಿಸುತ್ತಿದ್ದೆ, ಅಂದರೆ 80 ಪಿಎಸ್ಐ. ನನ್ನ ತೂಕಕ್ಕೆ, 35 ಮಿಲಿಮೀಟರ್ ಅಗಲದ ಟೈರಿಗೆ, ಹಿಂದೆ 60, ಮುಂದೆ 55 ಸಾಕು ಅಂದರು. ಮಣಿಕಟ್ಟಿನ ನೋವು ಕಡಿಮೆಯಾಗಿದೆ.

ಕೊರತೆಗಳೂ ಇವೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕನ್ನು ಇವರು ಮುಟ್ಟುವುದಿಲ್ಲ. ಗೊತ್ತಿಲ್ಲದ ಕೆಲಸ ಮಾಡೋದಿಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ. ಕಾರ್ಬನ್ ಫ್ರೇಮಿನವರೂ ಬೇರೆ ಕಡೆ ಹೋಗಬೇಕು. ಒಂದು ಸಲಕ್ಕೆ ಒಂದೇ ಸೈಕಲ್ ಬಿಚ್ಚುತ್ತಾರೆ, ಎರಡು ದಿನ ಹಿಡಿಯುತ್ತದೆ. ಫೋನಿನಲ್ಲಿ ಸಿಗುವುದು ಕಷ್ಟ. ಮಂಗಳವಾರ ರಜ, ಭಾನುವಾರ ಒಂಬತ್ತಕ್ಕೆ ತೆಗೆಯುತ್ತಾರೆ. ನಾವು ಹೊರಡುವುದು ಐದೂ ಮುಕ್ಕಾಲಿಗೆ, ಹಾಗಾಗಿ ಭಾನುವಾರದ ಕೆಲಸವನ್ನು ಅಲ್ಲಿಗೆ ಒಯ್ಯಬೇಡಿ.

ಇದನ್ನೆಲ್ಲ ಈಗಲೇ ಬರೆಯಲು ಕಾರಣ ಮುಂದಿನ ಭಾನುವಾರದ ಸೋಮನಾಥಪುರ. ಹೋಗಿಬರಲು ಸುಮಾರು 70 ಕಿಲೋಮೀಟರ್, ಹೊಸಬರಲ್ಲಿ ಎಂಟು ಜನ ಬರುತ್ತಿದ್ದಾರೆ. ಕುಕ್ಕರಹಳ್ಳಿ ಕೆರೆ ಗೇಟಿನಲ್ಲಿ ಸೇರುವುದು, ಕಾವೇರಿ ದಾಟಿ ಬನ್ನೂರಿನಲ್ಲಿ ತಿಂಡಿ. ಸೋಮನಾಥಪುರದ 1258ರ ದೇವಸ್ಥಾನ 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಒಂದು ಗಂಟೆಯಾದರೂ ನಿಲ್ಲೋಣ, ಜಗಲಿ ಮೇಲೆ ನಿಧಾನವಾಗಿ ಒಂದು ಸುತ್ತು ಬರೋಣ. ಈಗ ಹುರುಳಿ ಒಕ್ಕಣೆಯ ಕಾಲ, ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಬೇಡಿ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರು ಬದಲಾಯಿಸುವ ಡಿರೇಲರನ್ನು ಚಕ್ರದ ಕಡ್ಡಿಗಳ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಒಕ್ಕುವವರದೂ ಬೆಳೆ.

ಪ್ರತಿಯೊಬ್ಬರೂ ಒಂದು ಟ್ಯೂಬು, ಪಂಪು, ಎರಡು ಟೈರ್ ಲಿವರು, ಒಂದು ಬಟ್ಟೆ ತುಂಡು ತನ್ನಿ. ಬ್ರೇಕ್ ಕೇಬಲ್ಲಿನ ತುದಿಯನ್ನು ಇವತ್ತೇ ನೋಡಿ. ಒಂದು ಎಳೆ ಬಿಟ್ಟಿದ್ದರೂ ಬದಲಾಯಿಸಿ. ಹುಣಸೆ ಮರಕ್ಕೆ ಹೋಗುವುದಾದರೆ ಬುಧವಾರ ಬೆಳಿಗ್ಗೆಯೇ ಕೊಡಿ, ಶುಕ್ರವಾರದ ಹೊತ್ತಿಗೆ ಸಿಗುತ್ತದೆ. ಇಬ್ಬರು ಒಟ್ಟಿಗೆ ಹೋಗಬೇಡಿ. ಯಾರು ಹೋಗುತ್ತೀರಿ ಅಂತ ನನಗೆ ಮೊದಲು ತಿಳಿಸಿ, ನಾನು ಸಂಜೆ ಆಫೀಸಿನಿಂದ ಬರುವಾಗ ಯಜಮಾನರಿಗೆ ಹೇಳಿಟ್ಟಿರುತ್ತೇನೆ.